ನಾಲ್ಕು ಬಡಿತ

ಆಸ್ಪತ್ರೆಯಲ್ಲಿ ನನ್ನನ್ನು ರೇಡಿಯೋ ಎಂದು ಕರೆಯುತ್ತಾರೆ. ಹೆಸರಿಟ್ಟವರು ನಮ್ಮ ಡಾಕ್ಟರು. ಹತ್ತೊಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ವಾರವೇ, "ಇವನನ್ನ ಆಫ್ ಮಾಡೋ ಬಟನ್ ಎಲ್ಲಿದೆ?" ಎಂದು ನರ್ಸನ್ನು ಕೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂಥ ಭಂಡ ನಾನು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಅದು ತಿಳಿಯದಿದ್ದರೆ ನಾನು ಮಾಡಿದ್ದೇನು ಎನ್ನುವುದೂ ತಿಳಿಯುವುದಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಆಂಜಿಯೋಪ್ಲಾಸ್ಟಿ ಮಾಡುವ ಕಡೆ ನಾನು ಟೆಕ್ನಿಷಿಯನ್. ಮಣಿಕಟ್ಟಿನ ನಾಳದಿಂದ ಸಣ್ಣ ಕೊಳವೆಯೊಂದನ್ನು ತೂರಿಸಿ ಹೃದಯದವರೆಗೆ ಒಯ್ಯುತ್ತಾರೆ. ಅದರೊಳಗಿಂದ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನಾಳವನ್ನು ನೋಡುತ್ತಾರೆ, ಕಟ್ಟಿಕೊಂಡ ಜಾಗದಲ್ಲಿ ಬಲೂನು ಉಬ್ಬಿಸಿ ದಾರಿ ಬಿಡಿಸುತ್ತಾರೆ, ಅದು ಮತ್ತೆ ಮುಚ್ಚಿಕೊಳ್ಳದ ಹಾಗೆ ಸ್ಟೆಂಟ್ ಎನ್ನುವ ಜಾಲರಿ ಕೂರಿಸುತ್ತಾರೆ. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಡಾಕ್ಟರು ಮತ್ತು ನರ್ಸು ಒಳಗೆ ಅವನ ಪಕ್ಕದಲ್ಲಿ ನಿಂತಿರುತ್ತಾರೆ. ನಾನು ದಪ್ಪ ಗಾಜಿನ ಈಚೆಗಿನ ಸಣ್ಣ ಕೋಣೆಯಲ್ಲಿ, ಎರಡು ಮಾನಿಟರ್, ಒಂದು ಕೀಬೋರ್ಡ್, ಒಂದು ಮೈಕಿನ ಮುಂದೆ ಕೂತಿರುತ್ತೇನೆ.

ಆ ಮಾನಿಟರಿನಲ್ಲಿ ನಾನು ಕಣ್ಣು ಕೀಳದೆ ನೋಡಬೇಕಾದದ್ದು ಒಂದು ಕೆಂಪು ಗೆರೆ. ಕೊಳವೆಯ ತುದಿಯಲ್ಲಿ ರಕ್ತದ ಒತ್ತಡ ಎಷ್ಟಿದೆ ಎಂದು ಅದು ತೋರಿಸುತ್ತದೆ. ಒಂದೊಂದು ಬಡಿತಕ್ಕೂ ಎದ್ದು ಬೀಳುತ್ತದೆ. ಕೊಳವೆಯ ತುದಿ ನಾಳದ ಬಾಯಿಗೆ ಬಿಗಿಯಾಗಿ ಸಿಕ್ಕಿಕೊಂಡರೆ ಗೆರೆ ಕುಸಿದು ಚಪ್ಪಟೆಯಾಗುತ್ತದೆ. ಆಗ ನಾನು ಮೈಕಿನಲ್ಲಿ "ಡ್ಯಾಂಪ್" ಎನ್ನಬೇಕು, ಅಷ್ಟೆ. ಡಾಕ್ಟರು ಕೊಳವೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹಾಗೆ ಸಿಕ್ಕಿಕೊಂಡಿರುವಾಗ ಡೈ ಒತ್ತಿದರೆ, ಗೋಡೆಗೆ ಅಂಟಿಸಿದ ಕಾಗದದ ಹಿಂದೆ ನೀರು ನುಗ್ಗಿದ ಹಾಗೆ, ನಾಳದ ಒಳಪದರ ಸೀಳಿ ಏಳುತ್ತದೆ. ಅದನ್ನು ಡಿಸೆಕ್ಷನ್ ಎನ್ನುತ್ತಾರೆ. ಸೀಳಿದ ಪದರ ಪರದೆಯ ಹಾಗೆ ದಾರಿಗೆ ಅಡ್ಡ ಬೀಳುತ್ತದೆ, ಆ ಭಾಗದ ಹೃದಯಕ್ಕೆ ರಕ್ತ ನಿಂತುಹೋಗುತ್ತದೆ.

ಡಾಕ್ಟರ ಕಣ್ಣು ಎಕ್ಸ್‌ರೇ ಚಿತ್ರದ ಮೇಲೆ, ನನ್ನ ಕಣ್ಣು ಗೆರೆಯ ಮೇಲೆ. ಇಷ್ಟು ವರ್ಷ ನಾವಿಬ್ಬರೂ ಹೀಗೇ ಮಾಡಿಕೊಂಡು ಬಂದಿದ್ದೆವು. ನಾನು ಡ್ಯಾಂಪ್ ಎನ್ನಲಿಲ್ಲ ಎಂದರೆ ಗೆರೆ ಸರಿಯಾಗಿದೆ ಎಂದೇ ಅವರ ಲೆಕ್ಕ.

ಮೈಕಿಗೆ ಇನ್ನೊಂದು ಕೆಲಸವನ್ನು ನಾನೇ ಹಚ್ಚಿದ್ದೆ. ಹೆದರಿದ ರೋಗಿಗಳನ್ನು ಮಾತಾಡಿಸುವುದು. ಟೇಬಲಿನ ಮೇಲೆ ಮಲಗಿದವನ ಕಾಲು ನಡುಗುತ್ತಿದ್ದರೆ ಡಾಕ್ಟರೇ, "ರೇಡಿಯೋ, ಸ್ವಲ್ಪ ಹಚ್ಚಪ್ಪ" ಎನ್ನುತ್ತಿದ್ದರು. ನಾನು ಶುರುಮಾಡುತ್ತಿದ್ದೆ. ನಗಿಸಿ ನಗಿಸಿ ಎಷ್ಟೋ ಜನರ ಭಯ ಬಿಡಿಸಿದ್ದೇನೆ. ಸುಳ್ಳಲ್ಲ, ನಿಜವಾಗಿಯೂ ಬಿಡಿಸಿದ್ದೇನೆ. ಆ ಒಂದು ಮಾತನ್ನು ಹಿಡಿದುಕೊಂಡು ಎಂಟು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಮ್ಮ ಭಾವನ ಕಸುಬು ಗಾಜಿನದು. ಕಿಟಕಿ, ಬಾಗಿಲು, ಅಂಗಡಿಗಳ ಮುಂದಿನ ದೊಡ್ಡ ದೊಡ್ಡ ಹಾಳೆ, ಎಲ್ಲ ಕೂರಿಸುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಉಣ್ಣೆಬಟ್ಟೆ ಹೊದಿಸಿದ ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಗಾಜುಗಳು, ಸೀಮೆಎಣ್ಣೆ ಮತ್ತು ಪುಟ್ಟಿಯ ವಾಸನೆ. ಅಕ್ಕನ ಮದುವೆಯಾದ ಹೊಸದರಲ್ಲಿ ರಜೆ ಬಂದರೆ ನಾನೂ ಅವರೊಡನೆ ಗಾಜು ಹೊತ್ತಿದ್ದೇನೆ. ದೊಡ್ಡ ಹಾಳೆಯನ್ನು ಇಬ್ಬರು ಹೊರಬೇಕು. ಮುಂದಿನವನಿಗೆ ಕಾಲಡಿ ಕಾಣುವುದಿಲ್ಲ. ಹಿಂದಿನವನು ನೋಡಿ, ಮೆಟ್ಟಿಲು ಬಂದರೆ, ಕಲ್ಲು ಬಂದರೆ, "ನಿಲ್ಲಿ" ಎನ್ನಬೇಕು. ಅಂದ ಕೂಡಲೇ ಮುಂದಿನವನು ಕಾಲು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ನಾನು ಹಿಂದೆ ಹಿಡಿದುಕೊಂಡೂ ಕಥೆ ಹೇಳುತ್ತಿದ್ದೆ. ಭಾವ ತಿರುಗದೆಯೇ ಹೇಳುತ್ತಿದ್ದರು, "ಭಾಮೈದ, ಗಾಜು ಇಳಿಸಿದ ಮೇಲೆ ಎಷ್ಟು ಬೇಕಾದ್ರೂ ಕಥೆ ಹೇಳು. ಕೈಲಿದ್ದಾಗ ಬೇಡ."

ಭಾವನಿಗೆ ಎದೆನೋವು ಬಂದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಪರೀಕ್ಷೆ ಮಾಡಿದಾಗ ಬಲಗಡೆಯ ನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿತ್ತು. ಬೇರೊಂದು ಆಸ್ಪತ್ರೆಯಲ್ಲಿ ಅವರಿಗೆ ಪರಿಚಯದವರಿದ್ದರು, ಅಲ್ಲಿಗೇ ಹೋಗುವ ಮಾತೂ ಇತ್ತು. ತಡೆದವನು ನಾನು.

"ಅಲ್ಲಿ ಯಾರಿದಾರೆ ಭಾವ ನಿಮಗೆ? ನಮ್ಮಲ್ಲಿಗೆ ಬನ್ನಿ. ನಾನೇ ಕೂತಿರ್ತೀನಲ್ಲ ಗಾಜಿನ ಆಚೆ. ನನ್ನ ಕಣ್ಣು ತಪ್ಪಿಸಿ ಒಂದು ಹನಿ ರಕ್ತ ಆ ಕಡೆ ಈ ಕಡೆ ಹೋಗಲ್ಲ," ಎಂದು ಕೊಚ್ಚಿಕೊಂಡೆ. ಅಕ್ಕ ಕಣ್ಣೊರೆಸಿಕೊಂಡು, "ನೋಡ್ಕೋ ಕಣೋ. ನಿನ್ನ ಕೈಗೆ ಒಪ್ಪಿಸಿದೀನಿ," ಎಂದಳು.

ಆಂಜಿಯೋಪ್ಲಾಸ್ಟಿಯ ದಿನ, ಬೆಳಿಗ್ಗೆ ಹತ್ತೂವರೆ. ಭಾವ ಟೇಬಲಿನ ಮೇಲೆ ಮಲಗಿದ್ದರು. ಬಲಗೈ ಪಕ್ಕಕ್ಕೆ ಚಾಚಿ ಕಟ್ಟಿತ್ತು. ಹೆದರಿದ್ದರು, ಆದರೆ ಹೆದರಿಕೆ ತೋರಿಸಿಕೊಳ್ಳುವ ಜಾತಿಯಲ್ಲ. ಕುತ್ತಿಗೆ ಹೊರಳಿಸಿ ನನ್ನ ಕಡೆಯ ಗಾಜನ್ನು ನೋಡಿ, "ಇದನ್ನ ಯಾರಪ್ಪ ಕೂರಿಸಿದ್ದು? ಎಡಗಡೆ ಅಂಚಿಗೆ ಪುಟ್ಟಿ ಮೆತ್ತಿ ಮೆತ್ತಿ ಮುಚ್ಚಿದಾನೆ," ಎಂದರು. ನರ್ಸು ನಕ್ಕಳು. ಡಾಕ್ಟರು ಕೊಳವೆ ಸರಿಸುತ್ತಲೇ, "ಬಿಪಿ ಮೇಲೇರ್ತಿದೆ. ರೇಡಿಯೋ, ಹಚ್ಚು," ಎಂದರು.

ನಾನು ಹಚ್ಚಿದೆ. ಬೇರೆ ಎಷ್ಟೋ ಇದ್ದವು, ಆರಿಸಿಕೊಂಡದ್ದು ನಮ್ಮ ಮನೆಯ ಕಥೆಯನ್ನೇ. ಭಾವನೂ ಅಕ್ಕನೂ ಮೊದಲ ಸಲ ಒಬ್ಬರನ್ನೊಬ್ಬರು ನೋಡಿದ ದಿನದ್ದು. ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ಆ ಕಥೆ ಬಂದೇ ಬರುತ್ತದೆ, ಹೇಳುವವನು ನಾನೇ.

"ಕೇಳಿ ಸಾರ್," ಎಂದೆ ಮೈಕಿನಲ್ಲಿ. "ಇವರು ನಮ್ಮನೆ ಮುಂಬಾಗಿಲಿಗೆ ಗಾಜು ಹಾಕೋಕೆ ಬಂದಿದ್ರು. ಹಾಕಿದ್ರು, ಫಳಫಳ ಒರೆಸಿದ್ರು. ಅಷ್ಟರಲ್ಲಿ ಒಳಗಿಂದ ನಮ್ಮಕ್ಕ ನೀರು ತಂದ್ಲು. ಇವರು ಅವಳನ್ನ ನೋಡ್ತಾ ನೋಡ್ತಾ ನೆಟ್ಟಗೆ ನಡೆದು ತಾವೇ ಹಾಕಿದ ಗಾಜಿಗೆ ಡಿಕ್ಕಿ. ಮೂಗು ಬದನೇಕಾಯಿ. ನಮ್ಮಪ್ಪ ಪೇಪರ್ ಓದ್ತಾ ಕೂತಿದ್ರು. ತಲೆ ಎತ್ತಿ ಏನಂದ್ರು ಗೊತ್ತಾ?"

ಗೆರೆ ಕುಸಿದದ್ದು ಆಗಲೇ.

ನಾನು ನೋಡಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಎಲ್ಲರೂ ನಂಬುತ್ತಾರೆ. ಆದರೆ ನೋಡಿದೆ. ಏಳುತ್ತಿದ್ದ ಗೆರೆ ಮಲಗಿತು. ಹತ್ತರಲ್ಲಿ ಆರೇಳು ಸಲ ಇದು ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿರುವುದರಿಂದಲೋ ನಲ್ಲಿ ಸಡಿಲಾದುದರಿಂದಲೋ ಆಗುತ್ತದೆ. ಹಾಗೇ ಇರಬಹುದು ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಆದರೆ ಏನೇ ಇರಲಿ, ನಾನು ಮೊದಲು ಕೂಗಬೇಕು, ಆಮೇಲೆ ಯೋಚಿಸಬೇಕು. ಕೂಗಲಿಲ್ಲ. ಯಾಕೆಂದರೆ ಕಥೆಯ ಕೊನೆಯ ಮಾತು ಬಾಯಿಯ ತುದಿಗೆ ಬಂದಿತ್ತು. ಡಾಕ್ಟರು ಕೇಳುತ್ತಿದ್ದರು, ನರ್ಸು ಆಗಲೇ ನಗಲು ಸಿದ್ಧವಾಗಿದ್ದಳು, ಭಾವ ಅಲುಗದೆ ಕೊನೆಯ ಮಾತಿಗೆ ಕಾಯುತ್ತಿದ್ದರು. ನಡುವೆ ಡ್ಯಾಂಪ್ ಎಂದರೆ ಕಥೆ ಕೆಡುತ್ತದೆ. ಇಷ್ಟೇ ಕಾರಣ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"'ಹಾಕಿದವನಿಗೇ ಕಾಣದ ಹಾಗೆ ಕೂರಿಸಿದಾನೆ. ಹುಡುಗಿ ಕೊಡಬಹುದು' ಅಂದ್ರು."

ಭಾವ ನಕ್ಕರು. ಡಾಕ್ಟರು ಡೈ ಒತ್ತಿದರು. ನಾನು "ಡ್ಯಾಂಪ್" ಎಂದೆ. ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಆದವು.

ಮಾನಿಟರಿನಲ್ಲಿ ನಾಳದ ಪಕ್ಕಕ್ಕೆ ಡೈ ಹರಡಿತು. ಹರಡಿದ್ದು ತೊಳೆದು ಹೋಗದೆ ಅಲ್ಲೇ ನಿಂತಿತು. ಭಾವನ ನಗು ಅರ್ಧಕ್ಕೇ ನಿಂತಿತು. "ಸಾರ್, ಎದೆ," ಎಂದರು. "ಎದೆ ಮೇಲೆ ಏನೋ ಇಟ್ಟ ಹಾಗಾಗ್ತಿದೆ." ಬಡಿತ ಎಂಬತ್ತರಿಂದ ನಲವತ್ತಕ್ಕೆ ಬಂತು. ಒತ್ತಡ ಬಿತ್ತು. ಡಾಕ್ಟರ ದನಿ ಬದಲಾಯಿತು. ಅದೃಷ್ಟಕ್ಕೆ ಕಟ್ಟಿದ ಜಾಗ ದಾಟಿಸಲು ಹಾಕಿದ್ದ ಸಣ್ಣ ತಂತಿ ನಾಳದ ನಿಜವಾದ ದಾರಿಯಲ್ಲೇ ಇತ್ತು. ಅದನ್ನು ಬಿಡದೆ ಹಿಡಿದುಕೊಂಡು ಒಂದರ ಹಿಂದೆ ಒಂದು ಸ್ಟೆಂಟ್ ಕೂರಿಸಿ ಸೀಳಿದ ಪದರವನ್ನು ಗೋಡೆಗೆ ಒತ್ತಿದರು. ಒಂದು ಸ್ಟೆಂಟಿನಲ್ಲಿ ಮುಗಿಯಬೇಕಾದದ್ದಕ್ಕೆ ನಾಲ್ಕು ಬೇಕಾಯಿತು, ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾನು ಸಂಖ್ಯೆಗಳನ್ನು ಬಿಟ್ಟು ಬೇರೆ ಏನೂ ಮಾತಾಡಲಿಲ್ಲ.

ನಡುವೆ ಒಮ್ಮೆ ಡಾಕ್ಟರು, ಯಾರನ್ನೂ ನೋಡದೆ, "ನಗುವಾಗ ಮೈ ಅಲುಗಿತು. ಕೊಳವೆ ಒಳಗೆ ನುಗ್ಗಿರಬೇಕು," ಎಂದರು.

ಏನೇನಾಯಿತು, ಯಾವ ನಿಮಿಷಕ್ಕೆ ಆಯಿತು ಎಂದು ದಾಖಲೆಯಲ್ಲಿ ಟೈಪ್ ಮಾಡುವವನು ನಾನೇ. ಕೈ ತಾನಾಗಿ ಕೀಬೋರ್ಡಿಗೆ ಹೋಯಿತು. "ರೋಗಿ ನಕ್ಕು ಅಲುಗಾಡಿದರು. ತಕ್ಷಣ ಡ್ಯಾಂಪ್ ಎಂದು ತಿಳಿಸಲಾಯಿತು." ಹೀಗೆ ಬರೆದೆ. ಡಾಕ್ಟರ ವರದಿಗೆ ಅದೇ ಹೋಯಿತು. ಅಲ್ಲಿಂದ ಭಾವನ ಫೈಲಿಗೆ, ಫೈಲಿನಿಂದ ಮನೆಗೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಒಬ್ಬನೇ ಕೂತು ಆ ಗೆರೆಯ ರೆಕಾರ್ಡು ತೆಗೆದು ನೋಡಿದೆ. ಗೆರೆ ಕುಸಿದ ಜಾಗದಿಂದ ಡೈ ಒತ್ತಿದ ಜಾಗಕ್ಕೆ ನಾಲ್ಕು ಬಡಿತ. ಭಾವ ನಕ್ಕದ್ದು ನಾಲ್ಕನೆಯದಾದ ಮೇಲೆ. ನಗುವ ಮೊದಲೇ ಕೊಳವೆ ಸಿಕ್ಕಿಕೊಂಡಿತ್ತು. ನಗುವಿಗೂ ಸೀಳಿಗೂ ಯಾವ ಸಂಬಂಧವೂ ಇರಲಿಲ್ಲ. ಇದು ಗೊತ್ತಿದ್ದವನು ಆ ಕಟ್ಟಡದಲ್ಲಿ ನಾನೊಬ್ಬನೇ. ಕಿಟಕಿ ಮುಚ್ಚುವ ಹಾಗೆ ಅದನ್ನು ಮುಚ್ಚಿ ಊಟಕ್ಕೆ ಹೋದೆ. ಉಂಡೆನೋ ಬಿಟ್ಟೆನೋ ನೆನಪಿಲ್ಲ.

ಭಾವ ಉಳಿದರು. ಆದರೆ ಹೃದಯದ ಕೆಳಭಾಗಕ್ಕೆ ಪೆಟ್ಟಾಗಿತ್ತು. ರಕ್ತ ದೂಡುವ ಶಕ್ತಿ ನೂರಕ್ಕೆ ಅರವತ್ತರಷ್ಟಿರಬೇಕಾದದ್ದು ಮೂವತ್ತೆಂಟಕ್ಕೆ ಇಳಿದಿತ್ತು. ಒಂದು ಮಹಡಿ ಹತ್ತಿದರೆ ನಡುವೆ ನಿಲ್ಲಬೇಕು. ದೊಡ್ಡ ಹಾಳೆ ಹೊರುವ ಮಾತೇ ಇಲ್ಲ. ಈಗ ಸ್ಟೂಲಿನ ಮೇಲೆ ಕೂತು ಫೋಟೋ ಫ್ರೇಮಿಗೆ ಸಣ್ಣ ಗಾಜು ಕತ್ತರಿಸುತ್ತಾರೆ. ಉಳಿದ ಕೆಲಸ ಬೇರೆಯವರಿಗೆ ಹೋಗುತ್ತಿದೆ.

ನನಗೆ ಸಿಕ್ಕಿದ್ದು ಮರ್ಯಾದೆ. ಅಕ್ಕ ಕಂಡಕಂಡವರಿಗೆ, "ನನ್ನ ತಮ್ಮ ಗಾಜಿನ ಆಚೆ ಇದ್ದ, ಅದಕ್ಕೇ ಇವರು ಉಳಿದ್ರು. ತಕ್ಷಣ ಕೂಗಿದಾನೆ," ಎಂದು ಹೇಳಿಕೊಂಡು ತಿರುಗಿದಳು. 'ತಕ್ಷಣ' ಎನ್ನುವುದು ನಾನು ಟೈಪ್ ಮಾಡಿದ ಮಾತು. ನನಗೆ ಒಂದು ನೀಲಿ ಶರ್ಟು ತಂದುಕೊಟ್ಟಳು. ಅದು ಇನ್ನೂ ಬೀರುವಿನಲ್ಲಿ ಕವರಿನ ಸಮೇತ ಇದೆ. ಯಾಕೆ ಹಾಕಲ್ಲ ಎಂದು ಕೇಳಿದರೆ ತೋಳು ಬಿಗಿ ಎಂದೆ.

ಭಾವನಿಗೆ ಸಿಕ್ಕಿದ್ದು ಬೈಗುಳ. "ಒಂದು ಗಂಟೆ ಬಾಯಿ ಮುಚ್ಕೊಂಡು ಮಲಗೋಕೆ ಆಗ್ಲಿಲ್ವಾ ನಿಮಗೆ? ಅಲ್ಲೂ ನಗಬೇಕಿತ್ತಾ?" ಅಕ್ಕ ಇದನ್ನು ಒಮ್ಮೆ ಹೇಳಿ ಬಿಟ್ಟವಳಲ್ಲ. ಮೆಟ್ಟಿಲ ನಡುವೆ ಅವರು ನಿಂತು ಉಸಿರೆಳೆದಾಗಲೆಲ್ಲ ಹೇಳಿದಳು. ಭಯಕ್ಕೆ ಹೇಳಿದಳು, ಪ್ರೀತಿಗೆ ಹೇಳಿದಳು, ಆದರೆ ಹೇಳಿದಳು. ಆ ಮನೆಯಲ್ಲಿ ನಗಿಸುವುದೇ ನಿಂತುಹೋಯಿತು. ಟಿವಿಯಲ್ಲಿ ಹಾಸ್ಯ ಬಂದರೆ ಚಾನೆಲ್ ಬದಲಾಗುತ್ತಿತ್ತು. ಭಾವನಿಗೆ ಎಲ್ಲಾದರೂ ತಡೆಯಲಾರದೆ ನಗು ಬಂದರೆ ಎದೆಯ ಮೇಲೆ ಅಂಗೈ ಒತ್ತಿ, ಕಳ್ಳತನ ಮಾಡಿದವರ ಹಾಗೆ ಅಕ್ಕನ ಮುಖ ನೋಡುತ್ತಿದ್ದರು. ಒಮ್ಮೆ ಊಟಕ್ಕೆ ಹೋದಾಗ ನಾನೇ ಏನೋ ಹೇಳಲು ಬಾಯಿ ತೆರೆದೆ. ಅಕ್ಕ ಕೈಯೆತ್ತಿ, "ನೀನು ಸುಮ್ನಿರೋ. ನಿನ್ನ ತಪ್ಪಲ್ಲ, ಆದ್ರೆ ಇವರಿಗೆ ತಡ್ಕೊಳ್ಳೋಕೆ ಬರಲ್ಲ," ಎಂದಳು. ನನ್ನ ತಪ್ಪಲ್ಲವಂತೆ.

ಹೇಳಿಬಿಡಬೇಕು ಎಂದು ನೂರು ಸಲ ಅಂದುಕೊಂಡೆ. ಅವರ ಅಂಗಡಿಯ ಬಾಗಿಲವರೆಗೂ ಹೋಗಿ ಪಕ್ಕದ ಅಂಗಡಿಗೆ ಬಲ್ಬು ತಗೊಳ್ಳೋಕೆ ಬಂದೆ ಎಂದು ಸುಳ್ಳು ಹೇಳಿ ವಾಪಸು ಬಂದಿದ್ದೇನೆ. ಕೆಲಸ ಹೋಗಬಹುದು ಎನ್ನುವ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅಕ್ಕನ ಮನೆಯಲ್ಲಿ ನಾನು ಇಷ್ಟು ದೊಡ್ಡವನಾದದ್ದು ಅದೇ ಮೊದಲು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಥೂ ಎನ್ನಿಸುತ್ತದೆ, ಆದರೆ ಬರಲಿಲ್ಲ.

ಎಂಟನೆಯ ತಿಂಗಳಿಗೆ ಭಾವನನ್ನು ತಪಾಸಣೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ವರದಿ ನೋಡಿದರು, ಮಾತ್ರೆ ಬದಲಿಸಿದರು. ಏಳುವ ಹೊತ್ತಿಗೆ ಭಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಸಾರ್, ಒಂದು ಮಾತು. ಬಹಳ ದಿನದಿಂದ ಹೇಳಬೇಕು ಅಂತಿದ್ದೆ," ಎಂದರು.

"ಹೇಳಿ."

ಭಾವ ಎರಡೂ ಕೈ ಜೋಡಿಸಿದರು. "ನಿಮ್ಮ ಕೆಲಸ ಕೆಡಿಸಿಬಿಟ್ಟೆ ಸಾರ್. ನಾನೂ ಕೈಕೆಲಸದವನು. ಪಕ್ಕದವನು ಅಲುಗಿದ್ರೆ ಗಾಜು ಹೇಗೆ ಹೋಗುತ್ತೆ ಅಂತ ನನಗೆ ಗೊತ್ತು. ಅಷ್ಟು ಗೊತ್ತಿದ್ದೂ ನಕ್ಕುಬಿಟ್ಟೆ. ಕ್ಷಮಿಸಿಬಿಡಿ."

ಡಾಕ್ಟರಿಗೆ ಮುಜುಗರವಾಯಿತು. "ಇರಲಿ, ಇರಲಿ. ಯಾರಾದ್ರೂ ಬೇಕು ಅಂತ ನಗ್ತಾರಾ?" ಎಂದರು. ಕ್ಷಮಿಸಿದ ಹಾಗೆಯೇ ಆಯಿತು. ನಾನು ಬಾಗಿಲ ಪಕ್ಕದಲ್ಲಿ ಫೈಲು ಹಿಡಿದುಕೊಂಡು ನಿಂತಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತು ಎಂದು ಅಂದು ಗೊತ್ತಾಯಿತು. ಮೂವತ್ತು ವರ್ಷ ನನ್ನ ಕಥೆಗೆ ನಕ್ಕ ಮನುಷ್ಯ, ನಕ್ಕದ್ದಕ್ಕೆ ನನ್ನೆದುರಿಗೇ ಕೈ ಮುಗಿಯುತ್ತಿದ್ದರು.

ಭಾವನನ್ನು ಆಟೋ ಹತ್ತಿಸಿ ವಾಪಸು ಬಂದೆ. ಡಾಕ್ಟರನ್ನು ನನ್ನ ಕೋಣೆಗೆ ಕರೆದು, ಆ ದಿನದ ರೆಕಾರ್ಡು ತೆಗೆದು, ಬೆರಳಿಟ್ಟು ತೋರಿಸಿದೆ. "ಇಲ್ಲಿ ಬಿತ್ತು ಸಾರ್. ಇಲ್ಲಿ ನೀವು ಡೈ ಒತ್ತಿದ್ರಿ. ನಡುವೆ ನಾಲ್ಕು ಬಡಿತ ಇದೆ. ನಾನು ನೋಡಿದ್ದೆ. ಕಥೆ ಮುಗಿಸಿ ಆಮೇಲೆ ಹೇಳಿದೆ. ಅವರು ನಕ್ಕಿದ್ದು ಆಮೇಲೆ. ದಾಖಲೆಯಲ್ಲಿ ನಾನು ಬರೆದದ್ದು ಸುಳ್ಳು."

ಅವರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಸಿರಿಂಜು ನನ್ನ ಕೈಲಿತ್ತು," ಎಂದರು ಕೊನೆಗೆ. "ಒತ್ತೋ ಮುಂಚೆ ಒಂದ್ಸಲ ಗೆರೆ ನೋಡಬೇಕಾದವನು ನಾನು. ನಿನ್ನ ಕಥೆ ಕೇಳ್ತಿದ್ದೆ." ದಾಖಲೆಯ ಸಾಲಿಗೆ ಬೆರಳಿಟ್ಟು, "ಹಳೇ ಸಾಲು ಅಳಿಸಬೇಡ. ಕೆಳಗೆ ನಿಜ ಬರೆದು, ಇವತ್ತಿನ ತಾರೀಖು ಹಾಕು. ನಾನೂ ಬರೀತೀನಿ. ಮೇಲಿನವರು ಏನು ಮಾಡ್ತಾರೋ ಮಾಡಲಿ. ನಿನ್ನ ಭಾವನಿಗೆ ನಾನು ಹೇಳ್ಲಾ, ನೀನು ಹೇಳ್ತೀಯಾ?" ಎಂದು ಕೇಳಿದರು.

"ನಾನೇ ಹೇಳ್ತೀನಿ ಸಾರ್. ನೀವು ಹೇಳಿದ್ರೆ ನಾನು ಇನ್ನೊಂದ್ಸಲ ತಪ್ಪಿಸ್ಕೊಂಡ ಹಾಗಾಗುತ್ತೆ."

ಮರುದಿನ ರಜೆ ಹಾಕಿ ಹೋದೆ. ಬೆಳಿಗ್ಗೆ ಹನ್ನೊಂದರ ಸುಮಾರು. ಭಾವ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತು ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದರು. ಅವರು ಆ ಗೆರೆಗೆ ಸರಿಯಾಗಿ ಗಾಜು ಮುರಿದು ಪಕ್ಕಕ್ಕಿಡುವವರೆಗೆ ನಾನು ಕಾದೆ.

"ಏನು ಭಾಮೈದ, ಕೆಲಸ ಇಲ್ವಾ ಇವತ್ತು? ಮತ್ತೆ ಬಲ್ಬಾ?"

"ಅಲ್ಲ ಭಾವ." ನಿಂತುಕೊಂಡೇ ಹೇಳಿದೆ. ಗೆರೆ, ನಾಲ್ಕು ಬಡಿತ, ಕಥೆಯ ಕೊನೆ, ಟೈಪ್ ಮಾಡಿದ ಸುಳ್ಳು, ಎಲ್ಲ. ಜೀವನದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ನಾನು ಯಾವುದನ್ನೂ ಹೇಳಿಲ್ಲ.

ಭಾವ ಗಾಜು ಕತ್ತರಿಸುವ ಉಪಕರಣವನ್ನು ಸೀಮೆಎಣ್ಣೆಯ ಡಬ್ಬಿಯೊಳಗೆ ಇಟ್ಟರು. ಮೇಜಿನ ಬಟ್ಟೆಯ ಮೇಲೆ ಬಿದ್ದ ಗಾಜಿನ ಚೂರುಗಳನ್ನು ಬ್ರಷ್ಷಿನಿಂದ ಒಂದು ಮೂಲೆಗೆ ಒಟ್ಟಿದರು.

"ಹಾಗಾದ್ರೆ, ನಾನು ನಕ್ಕಿದ್ದಕ್ಕಲ್ಲ?"

"ಅಲ್ಲ ಭಾವ."

"ನಗದೆ ಇದ್ದಿದ್ರೂ ಆಗ್ತಿತ್ತು."

"ಆಗ್ತಿತ್ತು. ಆಗಿಹೋಗಿತ್ತು."

"ಸರಿಯಾಗಿ ಹೇಳು. ನಾನು ನಕ್ಕಿದ್ದಕ್ಕಲ್ಲ?"

"ಅಲ್ಲ. ನಾನು ಹೇಳದೆ ಇದ್ದದ್ದಕ್ಕೆ."

ಅವರ ಕಣ್ಣಲ್ಲಿ ನೀರು ಬಂತು. ಕೋಪದಿಂದಲ್ಲ. ಎಂಟು ತಿಂಗಳು ಹೊತ್ತದ್ದನ್ನು ಇಳಿಸಿದವರ ಮುಖ ಅದು. ಹೊಡೆದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು ಬಹಳ ಹೊತ್ತು ಗೋಡೆಗೆ ಒರಗಿಸಿದ ದೊಡ್ಡ ಹಾಳೆಗಳನ್ನು ನೋಡಿದರು.

"ಕೈಲಿದ್ದಾಗ ಕಥೆ ಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೆ," ಎಂದರು. ಗದರಲಿಲ್ಲ. ಮಾಮೂಲಿ ದನಿಯಲ್ಲೇ ಹೇಳಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಅಕ್ಕನನ್ನು ಕರೆದರು. "ಕೆಳಗೆ ಬಾ. ನಿನ್ನ ತಮ್ಮ ಏನೋ ಹೇಳ್ತಾನೆ. ನನ್ನ ಬಾಯಲ್ಲಿ ಬೇಡ, ಅವನ ಬಾಯಲ್ಲೇ ಕೇಳು."

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಇಳಿದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. "ಊಟಕ್ಕೆ ಇರ್ತೀಯ ತಾನೆ?" ಎಂದಳು. ನಾನು ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅವಳು ಕೇಳುತ್ತಾ ಕೇಳುತ್ತಾ ಮೆಟ್ಟಿಲ ಮೇಲೆಯೇ ಕೂತಳು. ಮೊದಲು ನೋಡಿದ್ದು ನನ್ನನ್ನಲ್ಲ, ಭಾವನನ್ನು. "ಇವರಿಗೆ ನಾನು ದಿನಾ ಬೈದೆ," ಎಂದಳು. ಯಾರಿಗೂ ಹೇಳಿದ್ದಲ್ಲ ಅದು. "ದಿನಾ ಬೈದೆ." ಆಮೇಲೆ ನನ್ನ ಕಡೆ ತಿರುಗಿದಳು. "ಯಾವ ಕಥೆ ಅದು? ಇವರನ್ನ ಎಷ್ಟು ಸಲ ಕೇಳಿದ್ರೂ ಏನೋ ಒಂದು, ನೆನಪಿಲ್ಲ ಅಂತಾರೆ."

ನಾನು ಭಾವನ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಮೇಜಿನ ಬಟ್ಟೆಯನ್ನು ಸವರುತ್ತಿದ್ದರು. ಎಂಟು ತಿಂಗಳು ಅಷ್ಟು ಬೈಗುಳ ತಿಂದೂ ಅವರು ಅದೊಂದನ್ನು ಬಾಯಿಬಿಟ್ಟಿರಲಿಲ್ಲ. ನನಗೆ ಆಗ ಅರ್ಥವಾಯಿತು. ಅವಳ ಕಥೆಯನ್ನು ಅವಳಿಗೆ ಹಾಳುಮಾಡಬಾರದು ಎಂದೇ ಮುಚ್ಚಿಟ್ಟಿದ್ದರು.

"ಮುಂಬಾಗಿಲ ಗಾಜಿಂದು ಅಕ್ಕ," ಎಂದೆ. "ಅಪ್ಪ ಹೇಳಿದ್ದು."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬೀದಿಯಲ್ಲಿ ಲಾರಿಯೊಂದು ಹೋಗಿ ಗೋಡೆಗೆ ಒರಗಿದ ಗಾಜುಗಳೆಲ್ಲ ಸಣ್ಣಗೆ ಗುಂಯ್ ಎಂದವು.

"ನಾಲ್ಕು ಬಡಿತ ಅಂದ್ರೆ ಎಷ್ಟು ಹೊತ್ತು?" ಎಂದು ಕೇಳಿದಳು.

"ಮೂರು ಸೆಕೆಂಡು ಅಕ್ಕ." ಬಾಯಿ ಸುಮ್ಮನಿರಲಿಲ್ಲ. "ಮೂರೇ ಸೆಕೆಂಡು."

"ನನಗೆ ಸೆಕೆಂಡು ಗಿಕೆಂಡು ಗೊತ್ತಾಗಲ್ಲ." ಎದ್ದು ಬಂದು ಭಾವನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ ಮೇಜಿನ ಮೇಲೆ ಇಟ್ಟಳು. ಮಣಿಕಟ್ಟಿನಲ್ಲಿ ಕೊಳವೆ ತೂರಿಸಿದ ಕಡೆ ಸಣ್ಣ ಬಿಳಿ ಚುಕ್ಕೆ ಇನ್ನೂ ಇತ್ತು. "ಎಣಿಸು. ನಾನು ಕೇಳಬೇಕು."

ನಾನು ಬೆರಳಿಟ್ಟೆ. ಭಾವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಡಿತ ನಿಧಾನವಾಗಿತ್ತು. ಪೆಟ್ಟಾದ ಹೃದಯಕ್ಕೆ ಆಯಾಸವಾಗದಿರಲಿ ಎಂದು ಕೊಡುವ ಮಾತ್ರೆ ಅದನ್ನು ನಿಧಾನ ಮಾಡುತ್ತದೆ, ಅದು ನನಗೆ ಗೊತ್ತಿದ್ದದ್ದೇ. "ಒಂದು," ಎಂದೆ. ಎರಡನೆಯದಕ್ಕೆ ಕಾಯಬೇಕಾಯಿತು. ಆ ಸಂದಿನಲ್ಲಿ ನನಗೆ ಅಂಗಡಿಯೆಲ್ಲ ಕಾಣಿಸಿತು, ಮೇಜು, ಡಬ್ಬಿ, ಸ್ಟೂಲು, ಭಾವನ ಕುತ್ತಿಗೆಯ ಬೆವರು. "ಎರಡು." ಡ್ಯಾಂಪ್ ಎನ್ನಲು ಬೇಕಾದದ್ದು ಇದರಲ್ಲಿ ಅರ್ಧ. "ಮೂರು." ನಾಲ್ಕನೆಯದು ಬಂದು ತಾಗಿದ ಮೇಲೆ ಬೆರಳು ತೆಗೆದೆ.

"ಇಷ್ಟೊಂದು ಹೊತ್ತು ಸುಮ್ನಿದ್ಯಾ?" ಎಂದಳು ಅಕ್ಕ.

"ಸುಮ್ನಿರಲಿಲ್ಲ ಅಕ್ಕ," ಎಂದೆ. "ಮಾತಾಡ್ತಿದ್ದೆ."